ಏಳನೇ ಲೈನಿನ ಭಾಷೆ

ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಗಾರ್ಮೆಂಟ್ಸು.
ಒಂದೊಂದು ಮಹಡಿಗೆ ಮುನ್ನೂರು ಮಿಷನ್ನು.
ಎಲ್ಲ ಒಟ್ಟಿಗೆ ಶುರುವಾದರೆ
ಬಾಯಿಂದ ಹೊರಟ ಮಾತು ಮೂಗಿನ ತುದಿ ದಾಟೋದಿಲ್ಲ.
ಅದಕ್ಕೇ ಏಳನೇ ಲೈನಿನವರು ಕೈಯಲ್ಲಿ ಮಾತಾಡುತ್ತೇವೆ,
ಹುಬ್ಬಲ್ಲಿ, ತುಟಿಯಲ್ಲಿ, ತೀರಾ ಬೇಕಾದರೆ ಭುಜದಲ್ಲಿ.

ಹೆಬ್ಬೆರಳು ಬಾಯಿಗೆ ಹೋದರೆ ನೀರು.
ಎರಡು ಬೆರಳು ಕತ್ತರಿಯಾದರೆ ದಾರ ತುಂಡಾಯ್ತು.
ಅಂಗೈ ಮಗುಚಿದರೆ ಬಾಬಿನ್ ಮುಗೀತು,
ಇಲ್ಲಾ ಸಂಬಳ ಮುಗೀತು,
ಯಾವುದು ಅಂತ ಮುಖ ನೋಡಿ ತಿಳ್ಕೋಬೇಕು.
ಇಲ್ಲದ ಮೀಸೆಯನ್ನು ತಿರುವಿದರೆ
ಬಂದ,
ತಲೆ ತಗ್ಗಿಸಿ ಹೊಲೀರಿ.

ನನ್ನ ಯುಕ್ತಾಗೆ ಎರಡು ತುಂಬಿ ಐದು ತಿಂಗಳು.
ಮಾತಿಲ್ಲ.
ವಠಾರದ ಕೊನೆಮನೆ ಅಜ್ಜಿ ಬಜೆ ತೇಯ್ದು ನಾಲಿಗೆಗೆ ಸವರಿತು.
ನಮ್ಮತ್ತೆ ನನ್ನ ಕಡೆ ನೋಡಿ ಸುಮ್ಮನಾದರು,
ಅದೂ ಒಂದು ಮಾತೇ.
ಡಾಕ್ಟರು ಕಿವಿಯ ಹಿಂದೆ ಗಿಲಕಿ ಆಡಿಸಿದರು,
ಅವಳು ತಿರುಗಿ ಗಿಲಕಿಯನ್ನೇ ಕಿತ್ತುಕೊಂಡಳು.
‘ಕಿವಿ ಚೆನ್ನಾಗಿದೆ. ಮನೇಲಿ ಮಾತಾಡ್ಸಿ ಅಷ್ಟೆ.’
ಮನೇಲಿ!
ಎಂಟಕ್ಕೆ ಬಿಟ್ಟು ಎಂಟಕ್ಕೆ ಸೇರುವ ಲಗ್ಗೆರೆಯ ಆ ಒಂದೂವರೆ ರೂಮಲ್ಲಿ,
ಕಿವಿಯೊಳಗೆ ಇನ್ನೂ ಗುಂಯ್ ಅನ್ನುವಾಗ,
ನನಗೇ ಮಾತು ಬೇಡ.

ಫ್ಯಾಕ್ಟರಿಯ ಕ್ರೆಶ್‌ನಲ್ಲಿ ಪುಟ್ಟಗೌರಮ್ಮ ಇದ್ದಾಳೆ.
ಓದಿದ್ದು ನಾಲ್ಕು, ಹಲ್ಲು ಅದಕ್ಕಿಂತ ಒಂದೆರಡು ಜಾಸ್ತಿ.
ಅವಳು ಅನ್ನ ಅಂತ ಅನ್ನೋದಿಲ್ಲ,
‘ಆ...ನ್ನಾ!’ ಅಂತ ಡಬರಿಯಷ್ಟು ಬಾಯಿ ತೆರೀತಾಳೆ,
ಎಂಟು ಮಕ್ಕಳ ಬಾಯಿ ತಾನಾಗಿ ತೆರೆಯುತ್ತೆ,
ತುತ್ತು ಒಳಗೆ.
ಬಿಸಿ ಅನ್ನೋಕೆ ಬೆರಳು ಸುಟ್ಟುಕೊಂಡವಳ ಹಾಗೆ
ಉಫ್ ಉಫ್ ಅಂತ ಕೋಣೆ ತುಂಬ ಕುಣೀತಾಳೆ.
ಟಿಫನ್ ಬಾಕ್ಸಿನ ಮುಚ್ಚಳದ ಮೇಲೆ ಉಗುರು:
ಟಪ್.
ಟಪ್.
ಟಪಟಪ ಟಪಟಪ.
ಆಮೇಲೆ ಕಿಟಕಿಗೆ ಎತ್ತಿ ಹಿಡಿದು, ಮೆಲ್ಲಗೆ: ‘ಮಳೆ.’
‘ಹೆಸರು ಆಮೇಲೆ ಯಾಕಕ್ಕಾ?’ ಅಂದರೆ
‘ತೊಟ್ಟಿಲು ಕಟ್ಟಿ ತಾನೇ ಕೂಸು ಮಲಗಿಸೋದು’ ಅಂತ ನಗ್ತಾಳೆ.

ಮಧ್ಯಾಹ್ನ ಬಿಡುವಲ್ಲಿ ನಾವೂ ಅಲ್ಲೇ ಕೂತು ಉಣ್ಣೋದು.
ಮಿಷನ್ ನಿಂತಿರುತ್ತೆ, ಕೈ ನಿಲ್ಲೋದಿಲ್ಲ.
ಯುಕ್ತಾ ಮೂಲೆಯಲ್ಲಿ ಕೂತು ನೋಡ್ತಿದ್ದಳು,
ನೊಣ ನೋಡ್ತಿದ್ದಾಳೆ ಅಂದ್ಕೊಂಡಿದ್ದೆ.

ಒಂದು ಶನಿವಾರ ಯಾರೋ ಬೂಟಿನವರನ್ನು ಕರ್ಕೊಂಡು
ಸೂಪರ್‌ವೈಸರ್ ರುದ್ರೇಶಪ್ಪ ಬಾಗಿಲಿಗೆ ಬಂದರು, ಕ್ರೆಶ್ ತೋರಿಸೋಕೆ.
ನನ್ನ ಮಗಳು ತಲೆ ಎತ್ತಿದಳು.
ಎದ್ದು ನಿಂತಳು.
ಬಲಗೈಯಲ್ಲಿ ಇಲ್ಲದ ಮೀಸೆ ಹುಡುಕಿ, ಹಿಡಿದು, ತಿರುವಿ,
ಡಬರಿಯಷ್ಟು ಬಾಯಿ ತೆರೆದು
‘ಬಂ...ದಾ!’

ಏಳನೇ ಲೈನು ಪೂರ್ತಿ ಕಲ್ಲು.
ಸರೋಜಿ ಐಡಿ ಕಾರ್ಡಿನ ದಾರ ಕಚ್ಚಿಕೊಂಡಳು.
ರುದ್ರೇಶಪ್ಪನವರ ಕೈ ನಿಧಾನ ಮೇಲೆ ಹೋಗಿ
ಇರುವ ಮೀಸೆಯನ್ನು ಮುಟ್ಟಿ ನೋಡಿತು.
ಆಮೇಲೆ, ದೇವರು ದೊಡ್ಡವನು,
ಬಗ್ಗಿ, ಅದನ್ನು ಎರಡೂ ಕಡೆ ಹುರಿಮಾಡಿ
‘ಹ್ಞೂಂ ಕಣಪ್ಪಾ, ಬಂದೆ’ ಅಂದರು.

ನನ್ನ ಕೂಸಿನ ಮೊದಲ ಮಾತುಕತೆ.
ಯಾರ ಜೊತೆ ನೋಡಿ.

ಈಗ ಕರೆಂಟು ಬಂದರೂ ಬಂದಾ,
ನೀರಿನ ಟ್ಯಾಂಕರು ಬಂದರೂ ಬಂದಾ,
ರಾತ್ರಿ ಬಟ್ಟೆ ಬದಲಿಸಿ ಪಕ್ಕ ಕೂತರೆ
ನನ್ನ ಗಲ್ಲ ಹಿಡಿದು ಅಲ್ಲೂ ಒಂದು ಮೀಸೆ ತಿರುವಿ ಬಂದಾ.
ಬಂದಳು ಅನ್ನು ಅಂತ ತಿದ್ದಲಿಲ್ಲ.
ಕಿವಿಯಲ್ಲಿ ಗುಂಯ್ ಇದ್ದೇ ಇತ್ತು.
ಅದರ ಮೇಲೇ ನಾನೂ ಬಾಯಿ ಅಗಲಿಸಿ, ಕೈ ಎತ್ತಿ
‘ಬಂ...ದೇ’ ಅಂದೆ.

ಲೈನಿನಲ್ಲಿ ಹೊಸ ಗುರುತು ಮಾಡಿಕೊಂಡಿದ್ದೇವೆ:
ಅವರು ಬಂದರೆ ಎಡಗಿವಿಯ ಓಲೆ ಮುಟ್ಟೋದು.
ಯುಕ್ತಾ ಮುಂದೆ ಮಾಡಬಾರದು ಅಂತ ಆಣೆ.
ನಿನ್ನೆ ಬಸ್ಸಲ್ಲಿ, ಕಂಡಕ್ಟರು ಹತ್ತಿರ ಬರುತ್ತಾ ಇದ್ದ,
ಅವಳ ಕೈ ಕಿವಿಯ ಹತ್ತಿರ ಏನೋ ತಡಕಾಡ್ತಿತ್ತು.