ಒದ್ದೆ ಬೂಟು

ಮೊದಲ ಚಿತ್ರದಲ್ಲಿ ಸತ್ತವನು ನಡೆದದ್ದು
ನನ್ನ ಕಾಲಲ್ಲಿ.

ಬರ್ಬ್ಯಾಂಕಿನ ಒಂದು ಗ್ಯಾರೇಜು. ಗೋಡೆಗೆಲ್ಲ ಹಳೆ ಕಂಬಳಿ,
ನೆಲದಲ್ಲಿ ಚೌಕ ಚೌಕ: ಕಲ್ಲು, ಮರಳು, ಜಲ್ಲಿ, ಹಲಗೆ.
ಪರದೆಯ ಮೇಲೆ ನದಿಯಿಂದೆದ್ದು ಬರುತ್ತಾನೆ ಅವನು,
ಮೂಕ,
ಕೋಟಿನಿಂದ ಸೋರುವ ನೀರಿಗೂ ಸದ್ದಿಲ್ಲ.
ಸದ್ದು ಕೊಡುವುದು ನನ್ನ ಕಸುಬು.
ಎಲುಬು ಮುರಿಯಲು ಸೆಲರಿ ದಂಟು,
ಕತ್ತು ಹಿಸುಕಲು ಒದ್ದೆ ಚರ್ಮದ ಕೈಚೀಲ,
ದ್ವೇಷಕ್ಕೆ ಮಾತ್ರ ಏನೂ ಹೊಂದದೆ
ಮನೆಯಿಂದ ತಂದೆ
ಡೆಲ್‌ನ ಬೂಟು.

ಡೆಲ್ ನನ್ನ ತಮ್ಮ.
ಹೈವೇ ಅಂಚಿನಲ್ಲಿ ಪಂಕ್ಚರಾದ ಚಕ್ರ ಬಿಚ್ಚುತ್ತ ಕೂತಿದ್ದವನ ಮೇಲೆ
ಒಂದು ಪಿಕಪ್ ಹಾದುಹೋಯಿತು. ಕುಡಿದಿದ್ದನಂತೆ.
ಹದಿನಾಲ್ಕು ತಿಂಗಳು ಒಳಗಿದ್ದ, ಹೊರಗೆ ಬಂದ.
ಆಸ್ಪತ್ರೆಯವರು ಕಾಗದದ ಚೀಲದಲ್ಲಿ ಹಾಕಿ ಕೊಟ್ಟ ಬೂಟು,
ನನಗೆ ಎರಡು ಸೈಜು ದೊಡ್ಡದು.
ಬಕೆಟ್ಟಿನಲ್ಲಿ ನೆನೆಸಿ, ತುದಿಗೆ ಚಿಂದಿ ತುರುಕಿ
ಕಲ್ಲಿನ ಚೌಕದ ಮೇಲೆ ನಡೆದೆ.
ಆರನೆಯ ಹೆಜ್ಜೆ ಜಾರಿತು.
ಇನ್ನೊಮ್ಮೆ ಮಾಡುತ್ತೇನೆ ಅಂದೆ.
ಟೇಪಿಗೂ ಸಾಲ ಮಾಡಿದ್ದ ನಿರ್ದೇಶಕ ಗಾರಬೀಡಿಯನ್
ಕಣ್ಣು ಮುಚ್ಚಿಯೇ ಹೇಳಿದ:
"ಇರಲಿ ವರ್ನಾ, ಸತ್ತವರಿಗೆ ನಡೆಯುವ ರೂಢಿ ತಪ್ಪಿರುತ್ತದೆ."

ಆ ಚಿತ್ರದಲ್ಲಿ ಕೊಲೆ ನಾಲ್ಕೇ.
ನಾಲ್ಕಕ್ಕೂ ಅವನು ಮೊದಲು ಬಾಗಿಲು ತಟ್ಟುತ್ತಾನೆ.
ಕೊನೆಯವನ ಮನೆಯಲ್ಲಿ ಸೂಪು ಕುದಿಯುತ್ತಿರುತ್ತದೆ;
ಕೊಂದಾದ ಮೇಲೆ ಒಲೆ ಆರಿಸಿ ಹೋಗುತ್ತಾನೆ.
ಒಲೆಯ ಗುಂಡಿ ತಿರುಗಿದ ಆ ಟಿಕ್
ನನ್ನದು. ಇವತ್ತಿಗೂ ನನಗದರ ಜಂಬ.

ಹಗೆಗೆ ಹನ್ನೆರಡು ವರ್ಷ ಆಯುಸ್ಸಂತೆ.
ಸರಿಯಾಗಿ ಹನ್ನೆರಡಕ್ಕೆ ಬಂತು ಎರಡನೆಯ ಭಾಗ.
ನನ್ನನ್ನು ಕರೆಯಲಿಲ್ಲ.
ಟಿಕೆಟ್ಟು ಕೊಂಡು, ಗ್ಲೆಂಡೇಲಿನಲ್ಲಿ, ಮಂಗಳವಾರದ ಮಧ್ಯಾಹ್ನದ ಆಟ.

ಮಳೆ ಚೆನ್ನಾಗಿದೆ, ಒಪ್ಪುತ್ತೇನೆ.
ಹುಡುಗಿಯೊಬ್ಬಳು ಗೋರಿಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಾಳಲ್ಲ,
ಅಂಥದ್ದು ನಮ್ಮದರಲ್ಲಿ ಇರಲಿಲ್ಲ.
ಆದರೆ ಸತ್ತವನಿಗೆ ಇಷ್ಟು ಭುಜ ಯಾಕೆ?
ಇಷ್ಟು ಮಾತು ಯಾಕೆ?
ಕೊಲ್ಲುವ ಮುನ್ನ ಒಬ್ಬೊಬ್ಬನಿಗೂ ಲೆಕ್ಕ ಒಪ್ಪಿಸುತ್ತಾನೆ
ಬ್ಯಾಂಕಿನ ಗುಮಾಸ್ತನ ಹಾಗೆ.
ಬಾಗಿಲು ತಟ್ಟುವುದಿಲ್ಲ, ಒಡೆಯುತ್ತಾನೆ.
ಹತ್ತೊಂಬತ್ತರವರೆಗೆ ಎಣಿಸಿದೆ ಹೆಣ; ಆಮೇಲೆ ಬಿಟ್ಟೆ.

ಅಷ್ಟರಲ್ಲಿ ಕಾರಿಡಾರು. ಕತ್ತಲು. ಹೆಜ್ಜೆ.
ಒಂದು, ಎರಡು, ಮೂರು, ನಾಲ್ಕು, ಐದು,
ಜಾರು.
ನನ್ನದೇ. ಅಲ್ಲ, ಡೆಲ್‌ನದು.
ಹಳೆಯ ಟೇಪನ್ನು ಯಂತ್ರಕ್ಕೆ ತುಂಬಿ
ಎಲ್ಲಿ ಬೇಕೋ ಅಲ್ಲಿ ಅಂಟಿಸಿದ್ದಾರೆ.
ಜಲ್ಲಿಯ ಮೇಲೂ ಕಲ್ಲಿನ ಸದ್ದು.
ಚಿತ್ರ ಮುಗಿಯುವುದರೊಳಗೆ ನನ್ನ ತಮ್ಮ
ಇಪ್ಪತ್ತಾರು ಸಲ ಜಾರಿದ,
ಒಂದೇ ಜಾಗದಲ್ಲಿ, ಒಂದೇ ಥರ,
ಒಂದು ಸಲವೂ ಬೀಳದೆ.

ನಡುವಿನ ಹನ್ನೆರಡು ವರ್ಷದಲ್ಲಿ
ನಾನು ಒಮ್ಮೆ ಫ್ರೆಸ್ನೋಗೆ ಹೋಗಿದ್ದೆ.
ಟೈರಿನ ಅಂಗಡಿ. ಅವನ ಹೆಸರು ಜೇಬಿನ ಮೇಲೇ ಹೊಲಿದಿತ್ತು.
ಡಿಕ್ಕಿಯಲ್ಲಿ ಬೂಟು. ಯಾಕೆ ಒಯ್ದೆನೋ ಗೊತ್ತಿಲ್ಲ.
ಗಾಳಿ ತುಂಬಿದ. ಮಂಡಿಯೂರಿ ನೋಡಿ ಹೇಳಿದ:
"ಹಿಂದಿನ ಎಡಗಡೆಯದು ಸವೆದಿದೆ ಮೇಡಂ,
ಇದರಲ್ಲಿ ಹೈವೇ ಹತ್ತಬೇಡಿ."
ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟ.
ನಡೆಯುವಾಗ ಎಡಗಾಲು ಕೊಂಚ ಎಳೆಯುತ್ತಾನೆ.
ಆ ಸದ್ದನ್ನು ನಾನು ಯಾವ ಚಿತ್ರಕ್ಕೂ ಕೊಟ್ಟಿಲ್ಲ.

ದೀಪ ಹೊತ್ತಿತು. ಹಿಂದಿನ ಸಾಲಿನ ಹುಡುಗ
ಗೆಳೆಯನಿಗೆ, "ಮೊದಲನೆಯದೇ ವಾಸಿ."
ಮೊದಲನೆಯದು ಬಂದಾಗ
ತೊಟ್ಟಿಲಲ್ಲಿದ್ದನೋ ಏನೋ.

ಮನೆಗೆ ಬಂದು ಬೂಟು ತೆಗೆದೆ.
ಒಣಗಿ ಬಾಯಿ ಬಿಟ್ಟಿದೆ.
ಬಕೆಟ್ಟಿಗೆ ನೀರು ಹಿಡಿದೆ, ಅರ್ಧಕ್ಕೆ,
ಬಹಳ ಹೊತ್ತು ನೋಡಿ,
ನಿಂಬೆ ಗಿಡಕ್ಕೆ ಹುಯ್ದೆ.