ಐದು ನಿಮಿಷದ ಹಸಿರು

"ಹದಿನಾಲ್ಕು ವರ್ಷ ಆಯ್ತಲ್ಲ ನಿಂಗೆ ಆ ಕಂಪನೀಲಿ,
ಒಳ್ಳೇದೇನು, ಕೆಟ್ಟದ್ದೇನು, ಒಂದು ಹಾಳೇಲಿ ಬರ್ಕೊಡಕ್ಕ."
ಬೆಳಗಿನ ಐದೂವರೆಗೆ ತಸ್ಮಿಯಾ ಬಾಗಿಲಲ್ಲಿ.
ಫೋನಿನ ಪರದೆಯಲ್ಲಿ ಆಫರ್ ಲೆಟರು, ಹನ್ನೊಂದು ಪುಟ.
ಬೆರಳ ತುದಿಗೆ ಮಂಡಕ್ಕಿ ಭಟ್ಟಿಯ ಮಸಿ.

ನನ್ನ ಪಾಳಿ ಮುಗಿಯಲು ಇನ್ನೂ ಅರ್ಧ ಗಂಟೆ.
ನಾನು ದುಡಿಯುವ ಊರಲ್ಲಿ ಈಗಷ್ಟೇ ಸಂಜೆ.

ಹಾಳೆ ಬೇಡ ಕಣೇ, ಕೂತ್ಕೋ.
ಮೊದಲು ಅವ್ವನ ಮಂಡಿ ನೋಡು.
ಎರಡೂ ಮಂಡಿ, ಮೂರು ಲಕ್ಷ ಎಂಬತ್ತು ಸಾವಿರ.
ವಿಮೆಯ ಕಾರ್ಡು ತೋರಿಸಿದೆ, ಅಷ್ಟೇ,
ಕೌಂಟರಿನ ಹುಡುಗ "ಮೇಡಂ, ಕೂತ್ಕೊಳಿ" ಅಂದ.
ನಮ್ಮ ಮನೆತನದಲ್ಲಿ ಆಸ್ಪತ್ರೆಯವರಿಂದ
ಕುರ್ಚಿ ತೋರಿಸಿಕೊಂಡ ಮೊದಲ ಹೆಂಗಸು ನಾನು.
ಈಗ ಅವ್ವ ಮಂಡಿಪೇಟೆ ತನಕ ನಡೆದೇ ಹೋಗಿ
ಒಣಮೆಣಸಿನಕಾಯಿಗೆ ಚೌಕಾಸಿ ಮಾಡಿ ಸೋತು ಬರ್ತಾಳೆ.

ಇದನ್ನ ಯಾವ ಕಡೆ ಬರೀಲಿ, ನೀನೇ ಹೇಳು:
ಆರು ವರ್ಷ ನಾನು ಕಾದದ್ದು ಒಂದೇ ಒಂದು ಚೌಕ.
ಫಾರಮ್ಮಿನಲ್ಲಿ ವಿಳಾಸದ ಕೆಳಗೆ, ಪಿನ್‌ಕೋಡಿನ ಚೌಕ.
ಐದಂಕಿ ಬಂದರೆ ಒಳಗೆ ಬಿಡಬೇಕು, ನಾಲ್ಕಾದರೆ ತಡೀಬೇಕು,
ಅಕ್ಷರ ಬಿದ್ದರೆ ಕೆಂಪಗಾಗಬೇಕು.
ಒಳಗೇನಿದೆ ಅಂತ ಕೇಳಿದರೆ, ಅದು ಬೇರೆ ತಂಡ.
ಮನೆ ಸುಟ್ಟವರು, ಕಾರು ಗುದ್ದಿಸಿಕೊಂಡವರು, ಗಂಡ ಸತ್ತವರು
ದಿನಕ್ಕೆ ಸಾವಿರ ಜನ ನನ್ನ ಚೌಕ ದಾಟಿ ಹೋದರು.
ಒಬ್ಬರ ಹೆಸರೂ ಗೊತ್ತಿಲ್ಲ.

ನನ್ನ ಹೆಸರೂ ಅಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ.
ಕೊಟ್ರಮ್ಮ ಹೋಗಿ ಕೇಟ್ ಆಯ್ತು.
ಸಿಟ್ಟು ಬರಬೇಕಿತ್ತು, ಅಲ್ವಾ?
ಸುಳ್ಳು ಯಾಕೆ, ಚೆನ್ನಾಗಿತ್ತು.
ಕೇಟಿಗೆ ಯಾರೂ ಮದುವೆ ಯಾವಾಗ ಅಂತ ಕೇಳಲ್ಲ.
ಕೇಟ್ ಒಂದು ಸಲ ಮೀಟಿಂಗಿನಲ್ಲಿ "ಆಗಲ್ಲ" ಅಂದಳು,
ಏಳು ಜನ ಗಂಡಸರು ಬರಕೊಂಡರು.

ಮತ್ತೆ ಬೆಂಚು.
ಕೆಲಸ ಇಲ್ಲ, ಪಗಾರ ಇದೆ. ಮೊದಲ ವಾರ ಹಬ್ಬ.
ಮೂರನೇ ವಾರ ಅನ್ನ ಗಂಟಲಲ್ಲಿ ಇಳಿಯಲ್ಲ.
ಮಿಲ್ಲಿನ ಸೈರನ್ ನಿಂತ ಮೇಲೂ ನಮ್ಮಪ್ಪ
ಅದೇ ಹೊತ್ತಿಗೆ ಎದ್ದು ಬುತ್ತಿಡಬ್ಬಿ ತೊಳೀತಿದ್ದ.
ನಾನು ಲಾಗಿನ್ ಆಗಿ ಸುಮ್ಮನೆ ಕೂತಿರ್ತಿದ್ದೆ.

ವರ್ಷಕ್ಕೊಮ್ಮೆ ಜರಡಿ.
ಹತ್ತೂ ಜನ ಚೆನ್ನಾಗಿ ಮಾಡಿದರೂ
ಒಬ್ಬರು ಕೆಳಗೆ ಬೀಳಲೇಬೇಕು, ಲೆಕ್ಕ ಹಾಗಿದೆ.
ನಿಮ್ಮ ಭಟ್ಟಿಯಲ್ಲಿ ಅರಳದ ಕಾಳು ಹೇಗೆ

"ಅಕ್ಕಾ, ಭಟ್ಟಿ ವಿಷಯ ನಂಗೆ ಹೇಳಬೇಡ.
ಅರಳದ ಕಾಳು ಕೋಳಿಗೆ ಹಾಕ್ತೀವಿ, ಅದರಲ್ಲಿ ನೀತಿ ಏನಿಲ್ಲ.
ಕೈಗೆಷ್ಟು ಬರುತ್ತೆ, ಅದನ್ನ ಹೇಳು."

ಹೇಳಿದೆ. ನಾನು ಸೇರಿದ ವರ್ಷ ಹೊಸಬರಿಗೆ ಎಷ್ಟಿತ್ತೋ
ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ, ಅಂತಲೂ ಹೇಳಿದೆ.
ಅವಳು ಬೆರಳು ಮಡಿಚಿ ಎಣಿಸಿದಳು,
ರೂಪಾಯಿಯಲ್ಲಲ್ಲ, ಚೀಲದಲ್ಲಿ.

"ರಾತ್ರಿ ಗಾಡಿ ಬರುತ್ತಾ?"
ಹದಡಿ ರಸ್ತೆ ಆಫೀಸಿಂದ ಮನೆ ಬಾಗಿಲಿಗೆ.
"ಭಟ್ಟಿ ಓಣಿಯೊಳಕ್ಕೆ?"
ಮೂಲೆ ತನಕ ಬರಬಹುದು.
"ನಾನು ಬಿಡಬೇಕು ಅಂದ್ರೆ?"
ತೊಂಬತ್ತು ದಿನ ಮುಂಚೆ ಹೇಳಬೇಕು.
"ಅವರು ಬಿಡಿಸಬೇಕು ಅಂದ್ರೆ?"

ಚಾ ಲೋಟ ತೊಳೆಯಲು ಎದ್ದೆ.

ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರಿನ ಪಕ್ಕದ
ಹಸಿರು ಚುಕ್ಕೆ ಹಳದಿಯಾಯ್ತು.
ನಲ್ಲಿ ಹಾಗೇ ಬಿಟ್ಟು ಓಡಿದೆ, ಒದ್ದೆ ಕೈಯಲ್ಲೇ
ಒಂದು ಕೀ ಒತ್ತಿದೆ, ಯಾವುದಾದರೇನು.
ಮತ್ತೆ ಹಸಿರು.

"ಮುಟ್ಟದಿದ್ರೆ ಎಷ್ಟೊತ್ತು ಇರುತ್ತೆ ಅದು?"
ಐದು ನಿಮಿಷ.
"ಐದು ನಿಮಿಷಾನಾ!" ತಸ್ಮಿಯಾ ಹುಬ್ಬೇರಿಸಿದಳು.
"ನಮ್ಮ ಮರಳಲ್ಲಿ ಅರ್ಧ ನಿಮಿಷ ಮರೆತ್ರೆ ಅಕ್ಕಿ ಕರಕಲು."

ನಲ್ಲಿ ನಿಲ್ಲಿಸಿ ಬಂದಳು.
ಬಿಸಿ ಮಂಡಕ್ಕಿಯ ಪೊಟ್ಟಣ ನನ್ನ ಮೇಜಿನ ಮೇಲಿಟ್ಟು
ಹನ್ನೊಂದನೇ ಪುಟಕ್ಕೆ ಸರಿಸಿ
ಬೆರಳ ಮಸಿ ದುಪಟ್ಟಾಗೆ ಒರೆಸಿಕೊಂಡಳು.