ಏಳು ಕೀಲಿ

ಇವನ್ನೂ ಬಾವಿ ಅಂತಾರೆ, ಕಾಗದದಲ್ಲಿ.
ಎರಡಿಂಚಿನ ಬಿಳಿ ಕೊಳವೆ, ಮೇಲೊಂದು ಕಬ್ಬಿಣದ ಟೋಪಿ,
ಟೋಪಿಗೊಂದು ಕೀಲಿ.
ಗಡಗಡಿ ಇಲ್ಲ, ಹಗ್ಗ ತಿಕ್ಕಿ ಸವೆದ ಕಟ್ಟೆ ಇಲ್ಲ,
ಯಾರೂ ಇವಕ್ಕೆ ಉಡಿ ತುಂಬಿದವರಿಲ್ಲ.
ಕೊರೆದದ್ದು ನೀರು ಕುಡಿಯಲಿಕ್ಕಲ್ಲ,
ನೀರಿಗೆ ಏನಾಗಿದೆ ಎಂದು ಕೇಳಲಿಕ್ಕೆ.

ವಿಜಯಪುರದಲ್ಲಿ, ಇಂಡಿ ರಸ್ತೆಯ ಮಗ್ಗುಲಿಗೆ
ಮೀಟರ್ ಗೇಜ್ ಕಾಲದ ಎಣ್ಣೆ ಡಿಪೋ.
ಟಾಂಕಿಗಳು ಗುಜರಿಗೆ ಹೋಗಿ ಹದಿನಾರು ವರ್ಷ,
ಅವು ಕೂತಿದ್ದಲ್ಲಿ ದುಂಡಗೆ ಮೂರು ಬೋಳು.
ಜಾಲಿ ಕೂಡ ಅಂಚಿನ ತನಕ ಬಂದು ನಿಂತಿದೆ.

ಮೂರು ತಿಂಗಳಿಗೊಮ್ಮೆ ನಾನು ಬರುತ್ತಿದ್ದೆ,
ಅಳತೆ ಟೇಪು, ಬರ್ಫದ ಡಬ್ಬಿ, ಕಂದು ಗಾಜಿನ ಶೀಶೆ.
ಓಣಿಯ ಹುಡುಗರು ಹೆಸರಿಟ್ಟಿದ್ದರು:
'ಶೀಶೇದಾಕಿ ಬಂದ್ಲು, ಶೀಶೇದಾಕಿ.'
ಹನ್ನೊಂದು ವರ್ಷ.
ಮೂರನೆಯದು ಮೊದಮೊದಲು ನಾಲ್ಕು ಬೆರಳು ಡೀಸೆಲ್ಲನ್ನು
ಕೆನೆಯ ಹಾಗೆ ಹೊತ್ತುಕೊಂಡಿರುತ್ತಿತ್ತು.
ಐದನೆಯದು ಸುಳ್ಳುಬುರುಕ:
ಬೇಸಿಗೆಯಲ್ಲಿ ಏನೂ ಅರಿಯದ ಕೂಸು,
ಭೂತನಾಳ ಕೆರೆ ತುಂಬಿದ ವರ್ಷ
ಮತ್ತೆ ಬಾಯಿ ಬಿಟ್ಟರೆ ಅದೇ ನಾತ.
ಒಂದನೆಯದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.
ಒಳ್ಳೆಯ ಬಾವಿ.

ಈಗ ಆದೇಶ ಬಂದಿದೆ. ಮುಚ್ಚಬೇಕು.
ಸಿಮೆಂಟು, ಜೇಡಿ, ನೀರು ಸೇರಿಸಿ ಅಂಬಲಿಯ ಹದಕ್ಕೆ ಕಲಸಿ
ಸಣ್ಣ ನಳಿಗೆಯನ್ನು ತಳಕ್ಕೆ ಇಳಿಸಿ
ಕೆಳಗಿನಿಂದ ಮೇಲಕ್ಕೆ ತುಂಬಿಸುತ್ತ ಬರಬೇಕು.
ಮೇಲಿಂದ ಸುರಿದರೆ ನಡುವೆ ಗಾಳಿ ಉಳಿಯುತ್ತದೆ,
ಗಾಳಿ ಉಳಿದಲ್ಲಿ ದಾರಿ ಉಳಿಯುತ್ತದೆ.

ಬೋರಿನ ಅಲ್ಲಿಸಾಬ ತಲೆ ಕೆರೆದುಕೊಂಡ:
'ಬಾವಿ ಮುಚ್ಚೂವಾಗ ಅದರ ಉಸಿರಿಗೆ
ಒಂದು ಕೊಳವಿ ಬಿಡಬೇಕ್ರಿ ಮೇಡಂ.
ನಮ್ಮಪ್ಪ ಹಂಗೇ ಬಿಡತಿದ್ದ.'
ಸೂಜಿ ಹೋಗುವಷ್ಟೂ ಬಿಡುವಂತಿಲ್ಲ ಅಂದೆ.
ಅವನು ವಾದಿಸಲಿಲ್ಲ. ಚಪ್ಪಲಿ ಬಿಟ್ಟು ನಿಂತು ತುಂಬಿಸಿದ.
ನಾನು ಬೂಟು ಬಿಚ್ಚಲಿಲ್ಲ. ಅದೂ ನಿಯಮವೇ.

ಅಂಬಲಿ ಏರಿದ ಹಾಗೆ ನೀರು ಮೇಲೆ ಬಂತು,
ತಣ್ಣಗೆ, ತಿಳಿಯಾಗಿ, ಕೊಳವೆಯ ತುಟಿ ದಾಟಿ.
ಸಿದಗೊಂಡ ಪೀಪಾಯಿ ಹಿಡಿದು ಕಾದಿದ್ದ,
ಒಂದು ಹನಿ ನೆಲಕ್ಕೆ ಬೀಳುವಂತಿಲ್ಲ.
ಕರಿಗಲ್ಲಿನ ಬಿರುಕಿನಲ್ಲಿ ಎಷ್ಟು ಕಾಲ ಕೂತಿತ್ತೋ ಏನೋ,
ಬಿಸಿಲು ಕಂಡದ್ದು ಪೀಪಾಯಿಯ ತನಕ.

ಆರು ಮುಗಿದವು. ಏಳನೆಯದು ಸಿಗಲಿಲ್ಲ.
ನಕ್ಷೆಯಲ್ಲಿದೆ, ಗೋಡೆಯಿಂದ ಹದಿನಾಲ್ಕು ಹೆಜ್ಜೆ.
ಗೋಡೆಯೇ ಇಲ್ಲ, ಕಾಂಕ್ರೀಟು ಬಿದ್ದಿದೆ,
ಮೇಲೆ ಟಂಟಂ ನಿಲ್ಲುತ್ತವೆ.
ಕಬ್ಬಿಣ ಹುಡುಕುವ ಯಂತ್ರ ಎಲ್ಲೆಲ್ಲೂ ಕಿರುಚಿತು,
ಒಂದು ಕಡೆ ಅಗೆದರೆ ಎತ್ತಿನ ಲಾಳ ಸಿಕ್ಕಿತು.
ದಫ್ತರದಲ್ಲಿ ಬರೆದೆ: ಸಿಕ್ಕಿಲ್ಲ.
ಕೊನೆಯ ಅಳತೆ, ಎಂಟು ವರ್ಷದ ಹಿಂದೆ,
ಹನ್ನೊಂದು ಮೀಟರ್ ಇಪ್ಪತ್ತು.

ಸಂಜೆ ಬೇಲಿಯಾಚೆಯಿಂದ ಗುರಬಾಯಿ ಕೂಗಿದಳು.
ಅವಳ ಹಿತ್ತಲ ಬಾವಿಗೆ ಚಪ್ಪಡಿ ಎಳೆದು ಎಷ್ಟೋ ವರ್ಷ,
ಕೊಡದ ನೀರಿಗೆ ಕಡ್ಡಿ ಗೀರಿದರೆ ಹತ್ತುತ್ತಿತ್ತು ಅಂತಾಳೆ,
ಇರಬಹುದು, ಇರಲಿಕ್ಕಿಲ್ಲ.
'ಹಂಗಾದ್ರ ಈಗ ಕುಡೀಬಹುದೇನ ತಂಗಿ?'
ಮಿತಿಯ ಒಳಗೇ ಇದೆ ಅಂದೆ.
'ಅದನ್ನ ಕೇಳಲಿಲ್ಲ. ನೀ ಕುಡೀತೀಯೇನ?'

ಹನ್ನೊಂದು ವರ್ಷ ಈ ನೆಲದ ನೀರನ್ನು
ನೋಡಿದ್ದೇನೆ, ಮೂಸಿದ್ದೇನೆ, ಚೀಟಿ ಅಂಟಿಸಿ ಕಳಿಸಿದ್ದೇನೆ.
ನಾಲಿಗೆಗೆ ಮಾತ್ರ ಅದರ ಪರಿಚಯವಿಲ್ಲ.
ನಾನು ಪೀಪಾಯಿಯ ಮುಚ್ಚಳ ಬಿಗಿಮಾಡುತ್ತಾ ನಿಂತೆ.
ಅವಳು ಒಳಗೆ ಹೋಗಿ ಚಹಾ ತಂದಳು,
ಅಲ್ಲಿಸಾಬನಿಗೆ, ಸಿದಗೊಂಡನಿಗೆ, ನನಗೆ.
ನಳದಲ್ಲಿ ನೀರು ಬಂದು ಆರು ದಿನ ಆಗಿತ್ತು.
ಯಾವ ನೀರಿನ ಚಹಾ ಎಂದು ನಾನು ಕೇಳಲಿಲ್ಲ.
ಸಕ್ಕರೆ ಹೆಚ್ಚಾಗಿತ್ತು. ಬಿಸಿ ಇತ್ತು. ಕುಡಿದೆ.

ಮರುದಿನ ಉಗ್ರಾಣದಲ್ಲಿ ಕೀಲಿ ಒಪ್ಪಿಸಿದೆ.
ಗುಮಾಸ್ತ ಮೇಜಿನ ಮೇಲೆ ಸಾಲಾಗಿ ಇಟ್ಟು ಎಣಿಸಿದ.
ಏಳು ಇದ್ದವು.
ಏಳು ಎಂದು ಬರೆದುಕೊಂಡ.